ಟಾರ್ಚ್ ಬಿಟ್ಟು ನೋಡಿದರೆ ಸಾಲದು, ಡಾಕ್ಟ್ರೇ

ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ನನ್ನ ವೃತ್ತಿಯವರಿಗೆ. ಅಪ್ಪ ಅಮ್ಮಂದಿರೂ ಓದಲಿ, ಒಳ್ಳೆಯದೇ.

"ಮಗುವಿನ ಒಂದು ಕಣ್ಣು ಸಂಜೆ ಹೊತ್ತು ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತೆ ಡಾಕ್ಟ್ರೇ" ಅಂತ ಅಮ್ಮ ಹೇಳುತ್ತಾಳೆ. ಡಾಕ್ಟರ್ ಜೇಬಿನಿಂದ ಟಾರ್ಚ್ ತೆಗೆದು ಬಿಡುತ್ತಾರೆ, ಪಾಪೆ ಕಪ್ಪಗೇ ಇರುತ್ತದೆ, "ಏನೂ ಇಲ್ಲಮ್ಮ, ಹೋಗಿ ಬನ್ನಿ" ಅಂತ ಕಳಿಸುತ್ತಾರೆ. ಇದನ್ನು ಕೇಳಿ ಕೇಳಿ ಸಾಕಾಗಿದೆ ನನಗೆ.

ಆ ಹೊಳಪು ರೆಟಿನೊಬ್ಲಾಸ್ಟೊಮಾದ, ಅಂದರೆ ಚಿಕ್ಕ ಮಕ್ಕಳ ಕಣ್ಣಿನ ಕ್ಯಾನ್ಸರಿನ ಗುರುತಿರಬಹುದು. ಅದು ಹುಟ್ಟುವುದು ಕಣ್ಣಿನ ಹಿಂದಿನ ಪದರ ರೆಟಿನಾದಲ್ಲಿ. ಬೆಳಗಿದ ಕೋಣೆಯಲ್ಲಿ ಟಾರ್ಚ್ ಬಿಟ್ಟರೆ ಪಾಪೆ ಇನ್ನೂ ಕಿರಿದಾಗುತ್ತದೆ. ಜೊತೆಗೆ ಟಾರ್ಚ್ ಒಂದು ಕಡೆ, ನಮ್ಮ ಕಣ್ಣು ಇನ್ನೊಂದು ಕಡೆ. ಒಳಗೆ ಹೋದ ಬೆಳಕು ಬಂದ ದಾರಿಯಲ್ಲೇ ವಾಪಸ್ ಬರುವುದರಿಂದ ಅದು ನಮಗೆ ಸಿಗುವುದೇ ಇಲ್ಲ. ಕಣ್ಣಿನೊಳಗೆ ನೋಡುವ ಕೈ ಉಪಕರಣ ಡೈರೆಕ್ಟ್ ಆಫ್ತಾಲ್ಮೊಸ್ಕೋಪ್‌ನಲ್ಲಿ ಬೆಳಕೂ ನೋಟವೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರುತ್ತವೆ. ಕೋಣೆಯ ದೀಪ ಕಡಿಮೆ ಮಾಡಿ, ಮಗುವನ್ನು ಅಮ್ಮನ ತೊಡೆಯ ಮೇಲೆ ಕೂರಿಸಿ, ತೋಳಿನಷ್ಟು ದೂರದಿಂದ ಎರಡೂ ಕಣ್ಣಿಗೆ ಒಟ್ಟಿಗೆ ಬೆಳಕು ಬೀಳುವ ಹಾಗೆ ನೋಡಿ. ಎರಡರಲ್ಲೂ ಒಂದೇ ಥರದ ಕೆಂಪು ಹೊಳಪು ಕಾಣಬೇಕು. ಒಂದು ಬೆಳ್ಳಗಿದ್ದರೆ, ಮಂಕಾಗಿದ್ದರೆ, ಕಾಣದೇ ಇದ್ದರೆ ಅಥವಾ ನಿಮಗೇ ಅನುಮಾನ ಬಂದರೆ ಕೂಡಲೇ ಕಣ್ಣಿನ ತಜ್ಞರ ಹತ್ತಿರ ಕಳಿಸಿ. ಇಷ್ಟಕ್ಕೆ ಎರಡು ನಿಮಿಷವೂ ಬೇಡ. ಲಸಿಕೆಗೆ ಬಂದಾಗಲೇ ಮಾಡಬಹುದು, ಅಲ್ವಾ?

ಈ ಕಾಯಿಲೆ ಅಪರೂಪ, 15,000ದಿಂದ 20,000 ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ. ಎಷ್ಟೋ ಡಾಕ್ಟರುಗಳು ಇಡೀ ವೃತ್ತಿಯಲ್ಲಿ ಒಂದು ಕೇಸೂ ನೋಡಿರುವುದಿಲ್ಲ, ಹಾಗಾಗಿ ನೆನಪಿಗೇ ಬರುವುದಿಲ್ಲ. ಅದು ನನಗೆ ಅರ್ಥವಾಗುತ್ತದೆ. ಆದರೆ ಅಮ್ಮ ಬಾಯಿಬಿಟ್ಟು ಹೇಳಿದ ಮೇಲೂ ನೆನಪಾಗದಿದ್ದರೆ ಹೇಗೆ?

ಒಬ್ಬ ಅಪ್ಪ ನನ್ನ ಮುಂದೆ ಕೂತು ಮೊಬೈಲಿನಲ್ಲಿ ಫೋಟೋಗಳನ್ನು ಹಿಂದಕ್ಕೆ ಸರಿಸುತ್ತಾ ಹೋದರು. ಹುಟ್ಟುಹಬ್ಬದ ಫೋಟೋದಲ್ಲಿ ಒಂದು ಕಣ್ಣು ಕೆಂಪಗೆ, ಇನ್ನೊಂದು ಹಳದಿ ಮಿಶ್ರಿತ ಬಿಳಿ. ಅದಕ್ಕೂ ತಿಂಗಳುಗಳ ಹಿಂದಿನ ಫೋಟೋದಲ್ಲೂ ಹಾಗೇ. ಆಗಲೇ ತೋರಿಸಿದ್ದರಂತೆ, "ಫ್ಲ್ಯಾಶ್ ಬೆಳಕು ಅಷ್ಟೇ" ಅಂತ ಉತ್ತರ ಬಂದಿತ್ತಂತೆ. ಮಗು ಉಳಿಯಿತು. ಕಣ್ಣು ತೆಗೆಯಬೇಕಾಯಿತು.

ಬಿಳಿ ಹೊಳಪೆಲ್ಲ ಕ್ಯಾನ್ಸರ್ ಅಲ್ಲ, ನಿಜ. ಕಣ್ಣಿನ ಪೊರೆ ಇರಬಹುದು, ಬೇರೆ ರೆಟಿನಾ ತೊಂದರೆ ಇರಬಹುದು. ಫ್ಲ್ಯಾಶ್ ಓರೆಯಾಗಿ ಬಿದ್ದು ಕಣ್ಣಿನಿಂದ ಮಿದುಳಿಗೆ ಹೋಗುವ ನರದ ತುದಿಯಿಂದ ಪ್ರತಿಫಲಿಸಿದರೆ ಆರೋಗ್ಯವಾದ ಕಣ್ಣೂ ಬೆಳ್ಳಗೆ ಕಾಣುತ್ತದೆ. ಆದರೆ ಯಾವುದು ಅಂತ ಪಾಪೆ ಹಿಗ್ಗಿಸುವ ಹನಿ ಹಾಕಿ ಒಳಗೆ ನೋಡಿದ ಮೇಲೆಯೇ ಹೇಳಬಹುದು.

ಮೆಳ್ಳೆಗಣ್ಣೂ ಈ ಕಾಯಿಲೆಯ ಗುರುತಿರಬಹುದು, ಅದರ ವಿಷಯದಲ್ಲೂ ಇದೇ ಕಥೆ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಆಗಾಗ ಕಣ್ಣು ಓರೆಯಾಗುವುದುಂಟು. ನಾಲ್ಕು ತಿಂಗಳು ದಾಟಿದ ಮೇಲೂ ಇದ್ದರೆ "ದೊಡ್ಡವನಾದರೆ ಸರಿಹೋಗುತ್ತೆ" ಅನ್ನಬೇಡಿ. ಮಗು ಚೆನ್ನಾಗಿ ಆಡುತ್ತೆ, ನೋವಿಲ್ಲ ಅನ್ನುವುದೂ ಸಮಾಧಾನದ ಮಾತಲ್ಲ, ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಆ ಮಗುವಿಗೆ ಏನೂ ಕಡಿಮೆ ಅನ್ನಿಸುವುದಿಲ್ಲ.

ಗೆಡ್ಡೆ ಕಣ್ಣಿನೊಳಗೇ ಇರುವಾಗ ಸಿಕ್ಕಿದರೆ, ಒಳ್ಳೆಯ ಚಿಕಿತ್ಸೆ ಇರುವ ಕಡೆ 100ರಲ್ಲಿ 95ಕ್ಕೂ ಜಾಸ್ತಿ ಮಕ್ಕಳು ಬದುಕುತ್ತಾರೆ. ಚಿಕ್ಕದಿದ್ದರೆ ಲೇಸರ್, ಕೀಮೊದಿಂದ ಕಣ್ಣನ್ನೂ ಉಳಿಸಬಹುದು. ಆ ನರದ ಮೂಲಕ ಗೆಡ್ಡೆ ಮಿದುಳಿನ ಕಡೆ ಹೋದರೆ ಲೆಕ್ಕವೇ ಬೇರೆ. ಆದ್ದರಿಂದ ಚೀಟಿಯಲ್ಲಿ ಸುಮ್ನೆ "ಕಣ್ಣಿನ ತಪಾಸಣೆಗೆ" ಅಂತ ಬರೆಯಬೇಡಿ. "ಬಿಳಿ ಹೊಳಪು, ತುರ್ತು" ಅಂತ ಬರೆದು, ತಜ್ಞರಿಗೆ ನೀವೇ ಒಂದು ಫೋನ್ ಮಾಡಿ, ಅದೇ ವಾರ ಮಗುವನ್ನು ನೋಡುವಂತೆ ಮಾಡಿ.