ವಾಲ್ವ್ ಸ್ಪ್ರಿಂಗ್ ಕಂಪ್ರೆಸರ್ ಕೊಳ್ಳುವ ಮೊದಲು ರಿಟೇನರ್ ನೋಡಿ

ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಬೋರ್ಡೋ ಹೊಡೆಯುವ ಸ್ಪ್ರೇಯರ್ ಎಂಜಿನ್‌ಗಳು ಒಂದರ ಹಿಂದೆ ಒಂದು ರಿಪೇರಿಗೆ ಬರುತ್ತವೆ. ತೀರ್ಥಹಳ್ಳಿಯ ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಕಲಿಯುತ್ತಿರುವ ನನಗೆ ಈ ವಾರ ಹೋಂಡಾ ಜಿಎಕ್ಸ್ 160 ಎಂಜಿನ್ನಿನ ವಾಲ್ವ್ ತೆಗೆಯಲು ಅರ್ಧ ದಿನ ಹಿಡಿಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಹೆಡ್ (ಸಿಲಿಂಡರಿನ ಮೇಲ್ಮುಚ್ಚಳ, ವಾಲ್ವ್ ಇರುವುದು ಇದರಲ್ಲೇ) ಬಿಚ್ಚುವುದು, ಕಾರ್ಬನ್ ಕೆರೆಯುವುದು ನಿಮಗೂ ಗೊತ್ತು.

ಎಡವಿದ್ದು ಇಲ್ಲಿ

ಶಿವಮೊಗ್ಗದಿಂದ ಕಾರಿನ ಹೆಡ್‌ಗೆ ಬಳಸುವ ಸಿ ಆಕಾರದ ಕಂಪ್ರೆಸರ್, ಅಂದರೆ ವಾಲ್ವ್ ಸ್ಪ್ರಿಂಗ್ ಒತ್ತಿ ಹಿಡಿಯುವ ಸಾಧನ, ತಂದಿದ್ದೆ. ಅದರ ಬಟ್ಟಲು ಎಷ್ಟು ದೊಡ್ಡದೆಂದರೆ ರಿಟೇನರನ್ನು (ಸ್ಪ್ರಿಂಗ್ ತುದಿಯನ್ನು ಹಿಡಿದಿಡುವ ಬಿಲ್ಲೆ) ದಾಟಿ ಹೆಡ್ಡಿನ ಮೇಲೇ ಕೂತಿತು. ಚಿಕ್ಕ ಪೈಪ್ ತುಂಡು ಇಟ್ಟು ಒತ್ತಿದೆ, ಸ್ಪ್ರಿಂಗ್ ಇಳಿಯಿತು. ಬೈಕಿನಲ್ಲಿರುವಂತೆ, ರಿಟೇನರನ್ನು ವಾಲ್ವ್ ಕಡ್ಡಿಗೆ ಕಚ್ಚಿಸಿ ಹಿಡಿಯುವ ಎರಡು ಹೋಳಿನ ಲಾಕ್ ಹೊರಬರುತ್ತದೆಂದು ಮ್ಯಾಗ್ನೆಟ್ ಹಿಡಿದು ಕಾದೆ. ಏನೂ ಬರಲಿಲ್ಲ. ಇನ್ನೂ ಒತ್ತಿದೆ. ಆಗ ಮೇಸ್ತ್ರಿ, "ಒತ್ತಿದ್ದು ಸಾಕು ಮಾರಾಯ, ಪಕ್ಕಕ್ಕೆ ಸರಿಸು" ಅಂದರು.

ಈ ಎಂಜಿನ್ನಿನಲ್ಲಿ ಬಿಡಿ ಲಾಕ್ ಇಲ್ಲವೇ ಇಲ್ಲ. ರಿಟೇನರಿನಲ್ಲೇ ಬೀಗದ ಕೈ ತೂತಿನಂತೆ ಎರಡು ತೂತು ಒಂದಕ್ಕೊಂದು ಸೇರಿಕೊಂಡಿವೆ: ನಡುವೆ ಕಿರಿದು, ಪಕ್ಕದಲ್ಲಿ ಅಗಲ. ವಾಲ್ವ್ ಕಡ್ಡಿಯ ತುದಿಯ ಹತ್ತಿರ ಸುತ್ತಲೂ ಒಂದು ಕಚ್ಚು ಕೊರೆದಿದೆ. ಕಿರಿದಾದ ತೂತಿನ ಅಂಚು ಆ ಕಚ್ಚಿನಲ್ಲಿ ಸಿಕ್ಕಿಕೊಂಡಿರುತ್ತದೆ, ಸ್ಪ್ರಿಂಗ್ ಕೆಳಗಿಂದ ದೂಡಿ ಹಿಡಿದಿರುತ್ತದೆ. ರಿಟೇನರನ್ನು ಸ್ವಲ್ಪ ಕೆಳಗೆ ಒತ್ತಿ, ಒತ್ತಿದಂತೆಯೇ ಪಕ್ಕಕ್ಕೆ ಸರಿಸಿದರೆ ಕಡ್ಡಿ ಅಗಲ ತೂತಿಗೆ ಬರುತ್ತದೆ. ಅಲ್ಲಿ ಕೈ ಸಡಿಲಿಸಿದರೆ ರಿಟೇನರ್ ಮೇಲಕ್ಕೆ ಬಂದುಬಿಡುತ್ತದೆ. ಯಾವ ಕಡೆ ಸರಿಸಬೇಕು? ಅಗಲ ತೂತು ಎಡಕ್ಕಿದ್ದರೆ ರಿಟೇನರನ್ನು ಬಲಕ್ಕೆ ತಳ್ಳಬೇಕು, ಏಕೆಂದರೆ ಜರುಗುವುದು ರಿಟೇನರ್, ಕಡ್ಡಿ ಅಲ್ಲ. ನಾನು ಎಡಕ್ಕೇ ತಳ್ಳುತ್ತಿದ್ದೆ. ಕಾಗದದಲ್ಲಿ ಎರಡು ತೂತು ಮಾಡಿ ಪೆನ್ಸಿಲ್ ಚುಚ್ಚಿ ನೋಡಿದ ಮೇಲೆ ತಲೆಗೆ ಹೋಯಿತು.

ಇದಕ್ಕೆ ಕಂಪ್ರೆಸರ್ ಬೇಕೇ ಇಲ್ಲ. ಹೆಡ್ಡಿನ ಅಡಿಯಲ್ಲಿ ವಾಲ್ವ್ ಕೆಳಗೆ ಜಾರದಂತೆ ಬಟ್ಟೆ ಸುತ್ತಿದ ಮರದ ತುಂಡು ಇಟ್ಟು, ಎರಡು ಹೆಬ್ಬೆರಳಿನಿಂದ ಒತ್ತಿದರೆ ಸಾಕು. ಎಕ್ಸಾಸ್ಟ್ ವಾಲ್ವ್ ತುದಿಯಲ್ಲಿ ರೊಟೇಟರ್ ಎಂಬ ಪುಟ್ಟ ಟೋಪಿ ಇರುತ್ತದೆ, ಅದನ್ನು ಮೊದಲೇ ಎತ್ತಿಡಿ. ಕಳೆದರೆ ಗ್ಯಾಪ್, ಅಂದರೆ ವಾಲ್ವನ್ನು ಒತ್ತುವ ರಾಕರಿಗೂ ವಾಲ್ವ್ ತುದಿಗೂ ನಡುವಿನ ಸಂದು, ಸರಿ ಕೂರುವುದಿಲ್ಲ.

ಹಾಗಾದರೆ ಕೊಳ್ಳುವುದು ಯಾವುದಕ್ಕೆ

ಎರಡು ಹೋಳಿನ ಲಾಕ್ ಇರುವ ಹೆಡ್‌ಗೆ, ಅಂದರೆ ಸ್ಪ್ಲೆಂಡರ್‌ನಂಥ ಬೈಕುಗಳಿಗೆ, ಸಣ್ಣ ಸಿ ಕ್ಲಾಂಪ್ ಬೇಕು. ಬಟ್ಟಲಿನ ಹೊರ ಅಳತೆ ರಿಟೇನರಿಗಿಂತ ದೊಡ್ಡದಿರಬಾರದು, ಒಳತೂತು ಲಾಕ್ ಹೊರಬರುವಷ್ಟು ಇರಬೇಕು, ಬೆರಳೋ ಮ್ಯಾಗ್ನೆಟ್ಟೋ ಹೋಗಲು ಪಕ್ಕದಲ್ಲಿ ಕಿಟಕಿ ಇರಬೇಕು. ಅಂಗಡಿಗೆ ಹೆಡ್ಡನ್ನೇ ಹೊತ್ತುಕೊಂಡು ಹೋಗಿ, ಅಳತೆ ಬರೆದುಕೊಂಡು ಹೋಗುವುದಕ್ಕಿಂತ ಅದೇ ಸರಿ. ಒತ್ತುವ ಮೊದಲು ರಿಟೇನರ್ ಮೇಲೆ ಸಾಕೆಟ್ ಇಟ್ಟು ಮೆಲ್ಲಗೆ ತಟ್ಟಿದರೆ ಅಂಟಿಕೊಂಡ ಲಾಕ್ ಬಿಡುತ್ತದೆ. ತಿರುಗಿ ಹಾಕುವಾಗ ಲಾಕ್‌ಗೆ ಚೂರು ಗ್ರೀಸ್ ಹಚ್ಚಿದರೆ ಕಡ್ಡಿಗೆ ಅಂಟಿ ನಿಲ್ಲುತ್ತದೆ.

ಹಳೇ ಸೀಮೆಎಣ್ಣೆ ಪಂಪುಗಳಲ್ಲಿ ಹಲವು ಸೈಡ್ ವಾಲ್ವ್, ಅಂದರೆ ವಾಲ್ವ್ ಹೆಡ್ಡಿನಲ್ಲಲ್ಲ, ಬ್ಲಾಕಿನಲ್ಲಿ ಇರುತ್ತದೆ. ಸ್ಪ್ರಿಂಗ್ ಇರುವುದು ಬ್ಲಾಕಿನ ಪಕ್ಕದ ಟ್ಯಾಪೆಟ್ ಕವರಿನೊಳಗೆ. ಸಿ ಕ್ಲಾಂಪಿನ ಬಟ್ಟಲು ಅಲ್ಲಿ ತೂರುವುದಿಲ್ಲ. ತೆಳ್ಳಗಿನ ಎರಡು ಕವಲಿರುವ ಬೇರೆಯೇ ಕಂಪ್ರೆಸರ್ ಬೇಕು.

ಜೋಡಿಸಿದ ಮೇಲೆ

ಜಿಎಕ್ಸ್ 160ಕ್ಕೆ ವಾಲ್ವ್ ಗ್ಯಾಪ್ ಇನ್‌ಲೆಟ್ 0.15 ಮಿ.ಮೀ., ಎಕ್ಸಾಸ್ಟ್ 0.20 ಮಿ.ಮೀ. ಎಂಜಿನ್ ತಣ್ಣಗಿರಬೇಕು, ಪಿಸ್ಟನ್ ಕಂಪ್ರೆಷನ್ನಿನ ತುದಿಯಲ್ಲಿರಬೇಕು. ಹಗ್ಗ ಎಳೆದಾಗ ಕೈಗೆ ಬಿಗಿ ಸಿಗುತ್ತಿದ್ದಂತೆ ಮೆಲ್ಲಗೆ ತಿರುಗಿಸಿ, ಎರಡೂ ರಾಕರ್ ಸಡಿಲವಾಗಿ ಆಡುವಲ್ಲಿ ನಿಲ್ಲಿಸಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ.