ಕಪ್‌ಬೋರ್ಡ್‌ನಲ್ಲಿ ಕಪ್ ಎಲ್ಲಿಂದ ಬಂತು?

ಮರಗೆಲಸದವರು ಕೊಡುವ ಎಸ್ಟಿಮೇಟ್‌ನಲ್ಲಿ ಕಪ್‌ಬೋರ್ಡ್ ಹೋಗಿ ‘ಕಬ್ ಬೋರ್ಡ್’ ಆಗಿರುತ್ತದೆ. ನೋಡಿ ನಗುವವರೇ ಜಾಸ್ತಿ. ಇಂಗ್ಲಿಷ್ ಪಾಠ ಹೇಳುವ ನನಗೆ ಅದು ಅಷ್ಟು ದೊಡ್ಡ ತಪ್ಪು ಅನಿಸುವುದಿಲ್ಲ. ಆ ಪದದ ಸರಿಯಾದ ಉಚ್ಚಾರಣೆಯೇ ‘ಕಬರ್ಡ್’. ‘ಪಿ’ ಸುಮ್ನೆ ಬರಹದಲ್ಲಿ ಕೂತಿದೆ ಅಷ್ಟೆ. ಹಿಂದೆ ಇಂಗ್ಲಿಷರೇ ಅದನ್ನು ಕೈಬಿಟ್ಟು, ಎರಡು ‘ಬಿ’ ಹಾಕಿ ಬರೆದದ್ದೂ ಉಂಟು.

14ನೇ ಶತಮಾನದಲ್ಲಿ ಈ ಪದ ಹುಟ್ಟಿದಾಗ ಅದಕ್ಕೆ ಬಾಗಿಲೇ ಇರಲಿಲ್ಲ. ಲೋಟ, ಬಟ್ಟಲು, ತಟ್ಟೆ ಜೋಡಿಸಿಡುವ ಮೇಜು ಅದು. ಬೆಳ್ಳಿ ಪಾತ್ರೆ ಇದ್ದವರು ಬಂದವರ ಕಣ್ಣಿಗೆ ಬೀಳಲಿ ಅಂತ ಸಾಲಾಗಿ ಇಡುತ್ತಿದ್ದರು. ನಮ್ಮ ಹಾಲ್‌ನ ಶೋಕೇಸ್ ಇದ್ದ ಹಾಗೆ. 16ನೇ ಶತಮಾನದ ಹೊತ್ತಿಗೆ ಬಾಗಿಲಿರುವ ಕಪಾಟಿಗೂ ಅದೇ ಹೆಸರು ಅಂಟಿಕೊಂಡಿತು.

‘ಬೋರ್ಡ್’ ಕಥೆ ಇನ್ನೂ ಸ್ವಾರಸ್ಯವಾಗಿದೆ. ಮೊದಲ ಅರ್ಥ ಹಲಗೆ. ಹಲಗೆಗೆ ಕಾಲು ಕೊಟ್ಟರೆ ಮೇಜು. ಮೇಜಿನ ಮೇಲೆ ಬಡಿಸುವ ಊಟಕ್ಕೂ ಬೋರ್ಡ್ ಅಂದರು. ಮೆಜೆಸ್ಟಿಕ್ ಸುತ್ತಮುತ್ತ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಅಂತ ಫಲಕ ನೋಡಿರುತ್ತೀರಿ, ಅಲ್ವಾ? ಎರಡೂ ಒಂದೇ ಅಂದುಕೊಳ್ಳುವವರು ಬಹಳ. ಲಾಡ್ಜಿಂಗ್ ಅಂದರೆ ತಂಗೋದು, ಬೋರ್ಡಿಂಗ್ ಅಂದರೆ ಊಟ. ಕಂಪನಿಯ ಬೋರ್ಡ್ ಕೂಡ ಮೇಜಿನ ಸುತ್ತ ಕೂತವರಿಂದಲೇ ಬಂದದ್ದು.

ನಾವು ದಿನಾ ಹೇಳುವ ‘ಬೀರು’ ಅಚ್ಚಗನ್ನಡದ್ದಲ್ಲ. ಫ್ರೆಂಚ್ ಮೂಲದ ‘ಬ್ಯೂರೋ’ ನಮ್ಮ ಬಾಯಲ್ಲಿ ಹಾಗಾಯಿತು. ಮೊದಲು ಅದು ಬರೆಯುವ ಮೇಜಿಗೆ ಹೊದಿಸುವ ಒರಟು ಉಣ್ಣೆ ಬಟ್ಟೆ, ಆಮೇಲೆ ಆ ಮೇಜು, ಆಮೇಲೆ ಕಚೇರಿ. ಸಿಬಿಐನ ‘ಬಿ’ಯೂ ಅಜ್ಜಿಯ ಸ್ಟೀಲ್ ಬೀರುವೂ ಒಂದೇ ಪದ! ಅಲ್ಮೇರಾ ಪೋರ್ಚುಗೀಸರ ಕಡೆಯಿಂದ ಬಂದದ್ದು.

ಬಳಕೆಗೆ ಬಂದರೆ, ಬೆಂಗಳೂರಿನಲ್ಲಿ ಬಾಗಿಲಿದ್ದರೆ ಎಲ್ಲವೂ ಕಬೋರ್ಡ್. ಅಡುಗೆಮನೆಯದ್ದು, ಬಟ್ಟೆಯದ್ದು, ಚಪ್ಪಲಿಯದ್ದು ಕೂಡ. ಅಪಾರ್ಟ್‌ಮೆಂಟ್ ಜಾಹೀರಾತಿನಲ್ಲಿ ಮಾತ್ರ ಅದು ‘ವಾರ್ಡ್‌ರೋಬ್’ ಆಗುತ್ತದೆ. ರೇಟೂ ಸ್ವಲ್ಪ ಏರುತ್ತದೆ ಅಂತ ನನ್ನ ಗುಮಾನಿ. ಇಂಗ್ಲಿಷ್‌ನಲ್ಲಿ ವಾರ್ಡ್‌ರೋಬ್ ಅಂದರೆ ಒಬ್ಬರ ಹತ್ತಿರ ಇರುವ ಬಟ್ಟೆಬರೆ ಎಲ್ಲಾ ಅಂತಲೂ ಅರ್ಥವಿದೆ. ಅಮೆರಿಕದಲ್ಲಿ ಕಪ್‌ಬೋರ್ಡ್ ಹೆಚ್ಚಾಗಿ ಅಡುಗೆಮನೆಯದ್ದು, ಬಟ್ಟೆ ಇಡುವುದಕ್ಕೆ ‘ಕ್ಲಾಸೆಟ್’.

‘ಕಪ್‌ಬೋರ್ಡ್ ಲವ್’ ಅಂತಲೂ ಒಂದು ಮಾತಿದೆ. ಏನಾದರೂ ಗಿಟ್ಟಿಸಿಕೊಳ್ಳಲು ತೋರಿಸುವ ಪ್ರೀತಿ ಅದು. ಕ್ಲಾಸಿನಲ್ಲಿ ಅರ್ಥ ಹೇಳಿ, ಉದಾಹರಣೆ ಕೊಡಿ ಅಂದೆ. ‘ಚಕ್ಕುಲಿ ಡಬ್ಬ ತುಂಬಿದಾಗ ಮಾತ್ರ ನನ್ನ ತಮ್ಮ ಅತ್ತೆ ಮನೆಗೆ ಹೋಗ್ತಾನೆ ಮೇಡಂ’ ಅಂದಳು ಒಬ್ಬ ಹುಡುಗಿ. ಪೂರ್ತಿ ಅಂಕ ಕೊಟ್ಟೆ.