‘ಈ ಭಾಗದಲ್ಲಿ ಅಧ್ಯಯನ ನಡೆದಿಲ್ಲ’ ಎಂದು ಬರೆಯುವ ಮುನ್ನ

ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳ ಪೀಠಿಕೆಯಲ್ಲಿ ‘ಈ ಭಾಗದಲ್ಲಿ ಇಂತಹ ಅಧ್ಯಯನ ನಡೆದಿಲ್ಲ’ ಎಂಬ ಸಾಲು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಬಳ್ಳಾರಿಯಲ್ಲಿ ವೈದ್ಯಕೀಯ ಗ್ರಂಥಪಾಲಕನಾಗಿರುವ ನಾನು ಅದನ್ನು ಸುಲಭವಾಗಿ ಒಪ್ಪುವುದಿಲ್ಲ. ಎಷ್ಟೋ ಸಲ ಅಧ್ಯಯನ ನಡೆದಿರುತ್ತದೆ, ಹುಡುಕಿದ ರೀತಿಗೆ ಸಿಕ್ಕಿರುವುದಿಲ್ಲ.

ರಾಯಚೂರು ಸೀಮೆಯ ಭತ್ತ, ಹತ್ತಿಯ ಊರುಗಳಿಗೆ ಹತ್ತಿರವಾದ ಒಂದು ಪ್ರಶ್ನೆ ನೋಡೋಣ. ಆರ್ಗನೋಫಾಸ್ಫೇಟ್ ಕೀಟನಾಶಕದ ವಿಷಬಾಧೆಗೆ ಪ್ರಾಲಿಡಾಕ್ಸಿಮ್ ಎಂಬ ಪ್ರತಿವಿಷ ಕೊಟ್ಟರೆ ಸಾವು ತಗ್ಗುತ್ತದೆಯೇ? ಇದನ್ನು ಇಡೀ ವಾಕ್ಯವಾಗಿಯೇ ವೈದ್ಯಕೀಯ ಪ್ರಬಂಧಗಳ ಶೀರ್ಷಿಕೆ, ಸಾರಾಂಶಗಳ ದತ್ತಸಂಚಯವಾದ ಪಬ್‌ಮೆಡ್‌ಗೆ ಕೊಟ್ಟರೆ ಅದು ಪದಗಳನ್ನೆಲ್ಲ ‘ಆ್ಯಂಡ್’ನಿಂದ ಜೋಡಿಸುತ್ತದೆ, ಅಂದರೆ ಎಲ್ಲ ಪದಗಳೂ ಇರುವ ದಾಖಲೆಯನ್ನಷ್ಟೇ ತೋರಿಸುತ್ತದೆ. ವಾಕ್ಯ ಬೆಳೆದಷ್ಟೂ ಫಲಿತಾಂಶ ಸೊರಗುತ್ತದೆ. ವಿಷ, ಔಷಧ ಎಂಬ ಎರಡೇ ಗುಂಪು ಮಾಡಿ. ಆರ್ಗನೋಫಾಸ್ಫೇಟ್, ಆರ್ಗನೋಫಾಸ್ಫರಸ್, ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್ ಮುಂತಾದವನ್ನು ‘ಆರ್’ನಿಂದ (ಯಾವುದಾದರೂ ಒಂದಿದ್ದರೆ ಸಾಕು ಎಂಬರ್ಥದಲ್ಲಿ) ಜೋಡಿಸಿ ಒಂದು ಆವರಣದೊಳಗೆ ಇಡಿ; ಪ್ರಾಲಿಡಾಕ್ಸಿಮ್, ಅದರ ಔಷಧವರ್ಗದ ಹೆಸರಾದ ಆಕ್ಸಿಮ್‌ಗಳನ್ನು ಇನ್ನೊಂದರೊಳಗೆ. ಎರಡರ ನಡುವೆ ‘ಆ್ಯಂಡ್’ ಬರಲಿ. ಪಬ್‌ಮೆಡ್ ಎಡದಿಂದ ಬಲಕ್ಕೆ ಓದುವುದರಿಂದ ಆವರಣ ಬಿಟ್ಟರೆ ಅರ್ಥವೇ ಬದಲಾಗುತ್ತದೆ. ಸಾವಿನ ಪ್ರಮಾಣವನ್ನು ಆರಂಭದಲ್ಲಿ ಸೇರಿಸಬೇಡಿ. ಸಾರಾಂಶದಲ್ಲಿ ಆ ಪದವಿಲ್ಲದ ಒಳ್ಳೆಯ ಪ್ರಬಂಧ ಕೈತಪ್ಪಬಹುದು.

ಮೆಶ್ ಎಂಬ ವಿಷಯಸೂಚಿ ಪದಗಳನ್ನು ಬಳಸಲೇಬೇಕು, ಆದರೆ ಅವನ್ನಷ್ಟೇ ನೆಚ್ಚಬಾರದು. ಈ ಪದಗಳನ್ನು ಹಚ್ಚದ, ಅಂದರೆ ಸೂಚೀಕರಣವಾಗದ ದಾಖಲೆಗಳೂ ಪಬ್‌ಮೆಡ್‌ನಲ್ಲಿವೆ. ಅವು ಸಿಗುವುದು ಶೀರ್ಷಿಕೆ, ಸಾರಾಂಶಗಳಲ್ಲಿರುವ ಸಾಮಾನ್ಯ ಪದಗಳಿಂದ. ‘ನಾಟ್’ ಅನ್ನು ಅತ್ಯಂತ ಎಚ್ಚರದಿಂದ ಬಳಸಿ: ಮಕ್ಕಳು ಬೇಡ ಎಂದರೆ ಮಕ್ಕಳನ್ನೂ ವಯಸ್ಕರನ್ನೂ ಸೇರಿಸಿ ನಡೆಸಿದ ಅಧ್ಯಯನವೂ ಹೊರಗೆ ಹೋಗುತ್ತದೆ.

ನಮ್ಮ ಜಿಲ್ಲೆಗಳ ವಿಷಯದಲ್ಲಿ ಹೆಚ್ಚಿನ ಹುಡುಕಾಟಗಳು ಎಡವುವುದು ಊರಿನ ಹೆಸರಿನಲ್ಲಿ. 2014ರ ನವೆಂಬರ್ 1ರವರೆಗೆ ಬಳ್ಳಾರಿಯ ಅಧಿಕೃತ ಇಂಗ್ಲಿಷ್ ಕಾಗುಣಿತ ‘ಬೆಲ್ಲಾರಿ’ ಎಂದಿತ್ತು, ಹೊಸಪೇಟೆ ‘ಹಾಸ್ಪೆಟ್’ ಆಗಿತ್ತು. ಹೊಸ ಹೆಸರನ್ನಷ್ಟೇ ಕೊಟ್ಟರೆ ಹಳೆಯ ಕೆಲಸದ ಬಹುಪಾಲು ಕಾಣುವುದಿಲ್ಲ. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1990ರ ದಶಕದ ಕೊನೆಗೆ. ಅದಕ್ಕೂ ಹಿಂದೆ ಗಂಗಾವತಿ, ಕುಷ್ಟಗಿಗಳು ರಾಯಚೂರು ಜಿಲ್ಲೆಯಲ್ಲಿದ್ದವು. ಹೊಸಪೇಟೆ ಈಗ 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯಲ್ಲಿದೆ. ‘ಹೈದರಾಬಾದ್ ಕರ್ನಾಟಕ’ 2019ರಲ್ಲಿ ‘ಕಲ್ಯಾಣ ಕರ್ನಾಟಕ’ವಾಯಿತು. ಇವೆಲ್ಲವೂ ‘ಆರ್’ ಗುಂಪಿಗೆ ಸೇರಬೇಕು.

ಇಷ್ಟಾದರೂ ಸಾಲದು. ನಮ್ಮ ವೈದ್ಯರೇ ಬರೆದ ಸಾರಾಂಶದಲ್ಲಿ ‘ದಕ್ಷಿಣ ಭಾರತದ ಒಂದು ತೃತೀಯ ಹಂತದ ಆಸ್ಪತ್ರೆ’ ಎಂದಷ್ಟೇ ಇರುವುದುಂಟು. ಪಬ್‌ಮೆಡ್ ಪ್ರಬಂಧದ ಪೂರ್ಣ ಪಠ್ಯವನ್ನು ಹುಡುಕುವುದಿಲ್ಲವಾದ್ದರಿಂದ ಊರಿನ ಸುಳಿವು ಉಳಿಯುವುದು ಲೇಖಕರ ಸಂಸ್ಥೆಯ ವಿಳಾಸದಲ್ಲಿ ಮಾತ್ರ. ಆ ಅಂಕಣವನ್ನು ಬೇರೆಯಾಗಿಯೇ ಹುಡುಕಿ. 2013ರವರೆಗಿನ ದಾಖಲೆಗಳಲ್ಲಿ ಸಾಮಾನ್ಯವಾಗಿ ಮೊದಲ ಲೇಖಕರ ವಿಳಾಸವಷ್ಟೇ ಇರುತ್ತದೆ ಎಂಬುದು ನೆನಪಿರಲಿ. ಭಾರತದ ಅನೇಕ ನಿಯತಕಾಲಿಕೆಗಳು ಪಬ್‌ಮೆಡ್‌ನಲ್ಲಿಯೇ ಇಲ್ಲ. ಅವಕ್ಕಾಗಿ ಗೂಗಲ್ ಸ್ಕಾಲರ್, ಪಿಎಚ್‌ಡಿ ಪ್ರಬಂಧಗಳಿಗಾಗಿ ಭಾರತೀಯ ವಿಶ್ವವಿದ್ಯಾಲಯಗಳ ಪ್ರಬಂಧ ಭಂಡಾರವಾದ ಶೋಧಗಂಗಾ ನೋಡಬೇಕು.

ಹುಡುಕಿದ ಪೂರ್ಣ ಸೂತ್ರ, ದತ್ತಸಂಚಯದ ಹೆಸರು ಮತ್ತು ದಿನಾಂಕವನ್ನು ಪ್ರಬಂಧದ ಅನುಬಂಧದಲ್ಲಿ ಕೊಡಿ. ಆಗ ‘ಅಧ್ಯಯನ ನಡೆದಿಲ್ಲ’ ಎಂಬ ನಿಮ್ಮ ಮಾತನ್ನು ಮಾರ್ಗದರ್ಶಕರು ತಾವೇ ಪರೀಕ್ಷಿಸಬಹುದು.